ಹಳೇ ಸ್ಟೇಷನ್ನಿಗೆ ಹೋಗಿ ರೈಲು ನೋಡದೆ ಬರುವ ಕ್ರಮ

ಈ ಕೈಪಿಡಿ ಕಾರಿನಲ್ಲಿ ಹೊರಡುವವರಿಗೆ. ರೈಲಿನಲ್ಲೇ ಹೋಗಿ ಹಳೇ ಸ್ಟೇಷನ್ ನೋಡುವವರು ಇದನ್ನು ಓದಿ ಪ್ರಯೋಜನವಿಲ್ಲ. ಅವರು ದಾರಿಯಲ್ಲೇ ಏನಾದರೂ ನೋಡಿ ಕೆಟ್ಟಿರುತ್ತಾರೆ.

ಮೊದಲು ಊರು ಆರಿಸಿ. ವೇಳಾಪಟ್ಟಿ ಮುಟ್ಟಬೇಡಿ. ನಿಮ್ಮ ಭಾವಮೈದುನ ಎಲ್ಲಿ ಫೋಟೋ ತೆಗೆಸಿಕೊಂಡು ಬೀಗಿದ್ದನೋ ಅಲ್ಲಿಗೇ ಹೋಗಿ. ಬೆಂಗಳೂರಿನವರು ನಂದಿ ಹಾಲ್ಟ್ ಇಟ್ಟುಕೊಳ್ಳಿ. ನಂದಿಬೆಟ್ಟದ ತಪ್ಪಲಿನಲ್ಲಿದೆ, ಹತ್ತಿರ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. 1915ರಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆಯವರು ಹಾಕಿದ ದಾರಿ ಅದು. ಆಗ ಎರಡು ಹಳಿಗಳ ನಡುವೆ ಬರೀ 762 ಮಿಲಿಮೀಟರ್ ಅಂತರ. ಈಗಿನ ಬ್ರಾಡ್ ಗೇಜಿನಲ್ಲಿ 1676. ಹಳಿ ಬದಲಾಯಿತು, ಹಳೇ ಸ್ಟೇಷನ್ ಕಟ್ಟಡಗಳು ನಿಂತೇ ಇದ್ದವು, ಪಾಳು ಬೀಳುತ್ತಿದ್ದುದನ್ನು ನೋಡಲಾರದೆ ಪಾರಂಪರಿಕ ಕಟ್ಟಡಗಳನ್ನು ಕಾಯುವ ಇಂಟ್ಯಾಕ್ ಸಂಸ್ಥೆಯವರು ದುರಸ್ತಿಗೆ ಕೈಹಾಕಿದರು. ಯಲಹಂಕದ ಕಡೆಯಿಂದ ರೈಲು ಹತ್ತಿದರೆ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ ಎಂದು ಒಂದೇ ವಂಶದ ಸ್ಟೇಷನ್ನುಗಳು ಒಂದಾದ ಮೇಲೊಂದು ಕಿಟಕಿಗೇ ಬಂದು ಮುಖ ತೋರಿಸುತ್ತವೆ. ಆದ್ದರಿಂದ ರೈಲು ಹತ್ತಬೇಡಿ. ಏರ್‌ಪೋರ್ಟ್ ರಸ್ತೆ ಹಿಡಿಯಿರಿ. ಟೋಲಿನಲ್ಲಿ ನಿಲ್ಲಿ. ಪಕ್ಕದ ಕಾರಿನವನನ್ನು ನೋಡಿ. ಅವನೂ ನಂದಿಗೇ ಹೊರಟಿದ್ದಾನೆ.

ಮಲೆನಾಡಿನ ಕಡೆ ರಜೆ ಹಾಕಿದವರಿಗೆ ಅರಸಾಳು ಶ್ರೇಷ್ಠ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ದಾರಿಯಲ್ಲಿ, ಹೊಸನಗರ ತಾಲ್ಲೂಕಿನ ಕಾಡಿನ ಸೆರಗಿನಲ್ಲಿದೆ. ಅದರ ವಿಷಯ ಮುಂದೆ ಬರುತ್ತದೆ. ಹರಿಹರ, ಕ್ಯಾಸಲ್‌ರಾಕ್, ತಾಳಗುಪ್ಪ ಎಲ್ಲದಕ್ಕೂ ಈ ಕ್ರಮವೇ ನಡೆಯುತ್ತದೆ.

ತಲುಪುವ ಹೊತ್ತು ಮುಖ್ಯ. ಇಂಥ ಸಣ್ಣ ಸ್ಟೇಷನ್ನುಗಳಲ್ಲಿ ದಿನಕ್ಕೆ ನಿಲ್ಲುವ ಗಾಡಿಗಳು ಬೆರಳೆಣಿಕೆ. ಬೆಳಗ್ಗೆ ಒಂದೆರಡು, ಸಂಜೆ ಒಂದೆರಡು. ನಡುವಿನ ಹೊತ್ತಿಗೆ ಹೋದರೆ ನಿಮಗೆ ಯಾವ ಅಪಾಯವೂ ಇಲ್ಲ. ಹೋಟೆಲಿನ ತಿಂಡಿ ನಿಧಾನ ಮಾಡಿ, ಮಸಾಲೆ ದೋಸೆಯ ಮೇಲೆ ಇನ್ನೊಂದು ಕಾಫಿ ಕುಡಿದು ಹೊರಟರೆ ತಾನಾಗಿ ಹನ್ನೆರಡೂವರೆಗೆ ತಲುಪುತ್ತೀರಿ. ಗಾಡಿ ಎಲ್ಲಿದೆಯೆಂದು ನಿಮಿಷ ನಿಮಿಷಕ್ಕೂ ಹೇಳುವ ‘ವೇರ್ ಈಸ್ ಮೈ ಟ್ರೈನ್’ ಆ್ಯಪನ್ನು ಮಾಡಿದ್ದು ಬೆಂಗಳೂರಿನದೇ ಕಂಪನಿ, 2018ರಲ್ಲಿ ಅದನ್ನು ಗೂಗಲ್ ಕೊಂಡುಕೊಂಡಿತು. ಈ ವಿಷಯವನ್ನು ಕಾರಿನಲ್ಲಿರುವ ಎಲ್ಲರಿಗೂ ಹೇಳಿ. ಆ್ಯಪ್ ಮಾತ್ರ ತೆರೆಯಬೇಡಿ.

ಇಳಿದ ಕೂಡಲೇ ಹೆಸರಿನ ಫಲಕದ ಬಳಿಗೆ ಓಡಿ. ಹಳದಿ ಹಲಗೆ, ಕಪ್ಪು ಅಕ್ಷರ, ಕನ್ನಡ, ಹಿಂದಿ, ಇಂಗ್ಲಿಷು. ಕೆಳಗೆ ಸಣ್ಣದಾಗಿ ಸಮುದ್ರಮಟ್ಟದಿಂದ ಆ ಜಾಗ ಎಷ್ಟು ಮೀಟರ್ ಎತ್ತರದಲ್ಲಿದೆಯೆಂದು ಬರೆದಿರುತ್ತದೆ. ಅದೇ ದಾರಿಯ ಮುಂದಿನ ಸ್ಟೇಷನ್ನಿನ ಫಲಕವನ್ನೂ ಓದಿದರೆ ಗಾಡಿ ಹತ್ತುತ್ತಿದೆಯೋ ಇಳಿಯುತ್ತಿದೆಯೋ, ಎಂಜಿನ್ ಯಾಕೆ ಹಾಗೆ ಏದುಸಿರು ಬಿಡುತ್ತಿದೆ ಎಲ್ಲ ಗೊತ್ತಾಗಿಬಿಡುತ್ತದೆ. ಆದ್ದರಿಂದ ಆ ಅಂಕಿಯ ಮೇಲೆ ಸರಿಯಾಗಿ ಬೆನ್ನು ಒರಗಿಸಿ ನಿಲ್ಲಿ. ಊರಿನ ಹೆಸರಿನ ಮೊದಲ ಅಕ್ಷರ ಮನೆಯವರ ಭುಜದ ಹಿಂದೆ, ಕೊನೆಯ ಅಕ್ಷರ ನಿಮ್ಮ ತಲೆಯ ಹಿಂದೆ ಹೋಗಲಿ. ಎಲ್ಲಿಗೆ ಹೋಗಿದ್ದಿರಿ ಎಂದು ನೋಡಿದವರು ಕೇಳಬೇಕು.

ಈಗ ಕಟ್ಟಡ. ಕಟ್ಟಡದ ವಿಷಯದಲ್ಲಿ ಒಂದೇ ಸೂತ್ರ: ತಲೆ ಎತ್ತಬೇಡಿ. ಎತ್ತಿದರೆ ಮಾಡಿನ ಒಳಬದಿಯಲ್ಲಿ ಮಂಗಳೂರು ಹೆಂಚು ಕಾಣುತ್ತದೆ. ಹೆಂಚಿನ ಮೈಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ನಾಡಿನ ಅರ್ಧ ಸ್ಟೇಷನ್ನುಗಳ ತಲೆಗೆ ಟೋಪಿ ಬಂದದ್ದು ಅಲ್ಲಿಂದ ಎಂದೆಲ್ಲ ಯೋಚನೆ ಹತ್ತಿಕೊಳ್ಳುತ್ತದೆ. ಅಲ್ಲಿಗೇ ನಿಲ್ಲುವುದೂ ಇಲ್ಲ. ಮಾಡಿಗೆ ಕೊಟ್ಟ ಕಂಬ, ಪ್ಲಾಟ್‌ಫಾರ್ಮಿನ ಬೇಲಿಗೆ ನೆಟ್ಟ ಗೂಟ ಇವು ಎಷ್ಟೋ ಕಡೆ ಸವೆದು ತೆಗೆದ ಹಳೇ ಹಳಿಗಳೇ. ಹಳಿಯ ಪಕ್ಕೆಯಲ್ಲಿ ಬಣ್ಣದ ಪದರಗಳ ಕೆಳಗೆ ಉಕ್ಕಿನ ಕಾರ್ಖಾನೆಯ ಹೆಸರೂ ತಯಾರಾದ ವರ್ಷವೂ ಉಬ್ಬಿಕೊಂಡಿರುತ್ತವೆ. ಬೆರಳಾಡಿಸಿದರೆ ಸಾಕು, ಓದಬಹುದು. ತುಂಡು ಹಳಿಯನ್ನೇ ಸರಪಳಿಯಲ್ಲಿ ತೂಗುಹಾಕಿ ಗಂಟೆ ಮಾಡಿಕೊಂಡ ಸ್ಟೇಷನ್ನುಗಳೂ ಇವೆ. ಹಳಿಯಾಗಿ ಗಾಡಿ ಹೊತ್ತು, ಕಂಬವಾಗಿ ಮಾಡು ಹೊತ್ತು, ಗಂಟೆಯಾಗಿ ಪೆಟ್ಟು ತಿಂದ ಕಬ್ಬಿಣ. ಇದಕ್ಕೆಲ್ಲ ಮನಸ್ಸು ಕೊಟ್ಟರೆ ಊಟಕ್ಕೆ ತಡವಾಗುತ್ತದೆ. ಕಂಬಕ್ಕೆ ಒಂದು ಕಾಲು ಮಡಿಸಿ ಒರಗಿ, ಕಪ್ಪು ಕನ್ನಡಕ ಹಾಕಿಕೊಂಡು ದೂರ ನೋಡಿ.

ಮರದ ಬೆಂಚು ಕಂಡರೆ ಕೀಲಿಕೈ ತೆಗೆಯಿರಿ. ನಿಮ್ಮ ಹೆಸರು ಕೊರೆಯಿರಿ. ನೂರು ವರ್ಷದ ತೇಗಕ್ಕೆ ಇಷ್ಟು ಕಾಲ ಒಬ್ಬ ಗಣ್ಯರೂ ಸಿಕ್ಕಿರಲಿಲ್ಲ.

ಅರಸಾಳಿಗೆ ಹೋದವರಿಗೆ ಕೆಲವು ವಿಶೇಷ ಸೂಚನೆಗಳಿವೆ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸ್ಟೇಷನ್ ದೃಶ್ಯಗಳನ್ನು ಚಿತ್ರಿಸಿದ್ದು ಇಲ್ಲಿ. ಹಳೇ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದನ್ನು ಮತ್ತೆ ಒಪ್ಪಗೊಳಿಸಿದರು. ಆರ್.ಕೆ. ನಾರಾಯಣ್ ತಲೆಯಲ್ಲಿ ಕಟ್ಟಿದ ಊರು, 1935ರ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ನಲ್ಲಿ ಅಚ್ಚಿಗೆ ಬಂದದ್ದು, ಕೊನೆಗೆ ಮಲೆನಾಡಿನ ಒಂದು ಮೀಟರ್ ಗೇಜ್ ಸ್ಟೇಷನ್ನಿಗೆ ಬಂದಿಳಿಯಿತು. ಇಷ್ಟು ಗೊತ್ತಿದ್ದರೂ ಗೊತ್ತಿಲ್ಲದವರಂತೆ ಅಲ್ಲಿ ಸಿಕ್ಕವರನ್ನು ಹಿಡಿದು ನಿಲ್ಲಿಸಿ.

“ಸಾರ್, ಮಾಲ್ಗುಡಿ ಎಲ್ಲಿ ಬರುತ್ತೆ?”

“ಇದೇ ಅಂತ ಬರ್ದಿದಾರಲ್ಲ ಸಾರ್.”

“ಅಲ್ಲ, ಒರಿಜಿನಲ್ಲು?”

ಉತ್ತರಕ್ಕೆ ಕಾಯಬೇಡಿ. ಸ್ವಾಮಿಯ ಮನೆ ತೋರಿಸಿ ಎಂದು ಕೇಳಿ. ಆ ಮನೆ ಆಗುಂಬೆಯ ದೊಡ್ಡಮನೆ, ಇಲ್ಲಿಲ್ಲ ಎಂದು ಹೇಳಿದರೆ ಮೋಸಹೋದವರಂತೆ ಮುಖ ಮಾಡಿ. ಟೀಯವನು, ಆಟೋದವನು, ಹುಲ್ಲು ಹೊತ್ತು ಹಳಿಯ ಪಕ್ಕ ಹೋಗುವ ಅಜ್ಜಿ ಎಲ್ಲರಿಂದಲೂ ಈ ಪ್ರಶ್ನೆಗೆ ಉತ್ತರ ಪಡೆದಿದ್ದೀರೆಂದು ಖಾತ್ರಿ ಮಾಡಿಕೊಂಡು, ಮ್ಯೂಸಿಯಂ ಒಳಗೆ ಹೋಗದೆ ಹೊರಗಿನಿಂದಲೇ ಅದಕ್ಕೆ ಮೂರು ನಕ್ಷತ್ರ ಕೊಡಿ. ಆ ದಾರಿಯಲ್ಲಿ ಮೀಟರ್ ಗೇಜ್ ಕಾಲದಲ್ಲಿ ಬಸ್ಸಿನಂಥ ಒಂದು ರೈಲ್ ಬಸ್ ಓಡುತ್ತಿತ್ತು. ಅದರಲ್ಲಿ ಶಾಲೆಗೆ, ಸಂತೆಗೆ ಹೋದವರು ಆ ಊರುಗಳಲ್ಲಿ ಇನ್ನೂ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಕೇಳಬೇಡಿ. ಅದು ಧಾರಾವಾಹಿಯಲ್ಲಿ ಬಂದಿಲ್ಲ.

ಹಳೆಯದಕ್ಕಾಗಿ ಕೊರಗುವುದನ್ನು ಗಟ್ಟಿ ದನಿಯಲ್ಲಿ ಮಾಡಿ. ಕೈಮರ ಎಲ್ಲಿ ಎಂದು ಹುಡುಕಿ. ಕೈ ಎತ್ತಿ ಇಳಿಸುತ್ತಿದ್ದ ಆ ಕಂಬಗಳ ಜಾಗದಲ್ಲಿ ಬಣ್ಣದ ದೀಪ ಬಂದಿದೆ ಎಂದು ಗೊತ್ತಾದಾಗ ನಿಟ್ಟುಸಿರು ಬಿಡಿ. ಉಗಿಬಂಡಿಯ ಹೊಗೆ, ಕಲ್ಲಿದ್ದಲ ಕಿಡಿ ಅಂಗಿ ಸುಟ್ಟದ್ದು ಇವನ್ನೆಲ್ಲ ನೆನೆಸಿಕೊಳ್ಳಿ. ನೀವು ಹುಟ್ಟಿದ್ದು ಆಮೇಲೆ ಎಂಬುದು ಅಡ್ಡಿಯಾಗಬಾರದು. ಈಗಿನ ರೈಲಿನಲ್ಲಿ ಏನು ಮಜಾ ಇದೆ ಎನ್ನಿ. ಹೀಗೆ ಎನ್ನುತ್ತಿರುವಾಗ ಹಿಂದಿನಿಂದ ಗಾಡಿಯೊಂದು ಹಾದುಹೋಗುವುದುಂಟು; ಮಾತು ನಿಲ್ಲಿಸಬೇಡಿ.

ಕ್ರಾಸಿಂಗ್ ಇರುವ ಸ್ಟೇಷನ್ನಾದರೆ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಒಂಟಿ ಹಳಿಯ ದಾರಿಯಲ್ಲಿ ಎದುರುಬದರು ಬರುವ ಗಾಡಿಗಳು ಒಂದನ್ನೊಂದು ದಾಟುವುದು ಸ್ಟೇಷನ್ನಿನಲ್ಲೇ. ಗೂಡ್ಸ್ ಗಾಡಿಯೊಂದು ಮೆಲ್ಲಗೆ ಬಂದು ಲೂಪ್ ಲೈನಿನಲ್ಲಿ ನಿಂತಿತೆಂದರೆ, ಮೇನ್ ಲೈನಿನಲ್ಲಿ ಇನ್ನೊಂದು ಗಾಡಿ ನಿಲ್ಲದೆ ಓಡಿ ಬರುತ್ತಿರುವ ಸಂಭವವೇ ಹೆಚ್ಚು. ಕಂಬದ ದೀಪ ಹಸಿರಾಯಿತು, ಪಾಯಿಂಟ್ಸ್‌ಮನ್ ಬಾವುಟ ಹಿಡಿದು ಹೊರಗೆ ಬಂದ. ಹೊರಡಲು ಇದೇ ಸುಮುಹೂರ್ತ. “ಗೂಡ್ಸು ಬಂತು ಕಣ್ರೋ, ಇನ್ನೇನಿಲ್ಲ, ನಡೀರಿ” ಎಂದು ಎಲ್ಲರನ್ನೂ ಎಬ್ಬಿಸಿ.

ಹೇಗೂ ಹೊರಡಲಾಗದೆ ಸಿಕ್ಕಿಬಿದ್ದರೆ, ಕನಿಷ್ಠ ತಪ್ಪು ಜಾಗದಲ್ಲಿ ನಿಲ್ಲಿ. ಗಾಡಿ ಹಾದುಹೋಗುವಾಗ ಸ್ಟೇಷನ್ ಮಾಸ್ಟರ್ ಹಸಿರು ಬಾವುಟ ಹಿಡಿದು ಹೊರಗೆ ಬಂದು ನಿಲ್ಲುತ್ತಾರೆ. ಶೋಭೆಗಾಗಿ ಅಲ್ಲ. ಯಾವ ಗಾಲಿಯ ಅಚ್ಚಾದರೂ ಕಾದು ಹೊಗೆಯಾಡುತ್ತಿದೆಯೋ, ಬ್ರೇಕು ಹಿಡಿದುಕೊಂಡು ಕಿಡಿ ಹಾರುತ್ತಿದೆಯೋ, ಅಡಿಯಿಂದ ಕಬ್ಬಿಣ ಜೋತು ನೆಲಕ್ಕೆ ತಾಗುತ್ತಿದೆಯೋ ಎಂದು ಪ್ರತಿ ಡಬ್ಬಿಯನ್ನೂ ಕಣ್ಣಲ್ಲೇ ಜಾಲಿಸುತ್ತಾರೆ. ಕೊನೆಯ ಡಬ್ಬಿಯ ಗಾರ್ಡು ಅತ್ತಣಿಂದ ಬಾವುಟ ತೋರಿಸುತ್ತಾರೆ. ಅವರನ್ನು ಈಗ ಟ್ರೈನ್ ಮ್ಯಾನೇಜರ್ ಎನ್ನಬೇಕು, 2022ರಿಂದ. ಆ ಡಬ್ಬಿಯ ಬೆನ್ನಿಗೆ ‘ಎಲ್‌ವಿ’ ಎಂಬ ಫಲಕವೋ ಕೊನೆಯ ವಾಹನದ ಬೇರೆ ಗುರುತೋ, ರಾತ್ರಿಯಾದರೆ ಕೆಂಪು ದೀಪವೋ ಇರಬೇಕು. ಅದು ಕಂಡರೆ ಗಾಡಿ ಇಡಿಯಾಗಿ ಬಂತು, ನಡುವೆ ಕೊಂಡಿ ಕಳಚಿ ಯಾವ ಡಬ್ಬಿಯೂ ಹಿಂದೆ ಹಳಿಯ ಮೇಲೆ ಉಳಿದಿಲ್ಲ ಎಂದು ಲೆಕ್ಕ. ಇಷ್ಟು ದೊಡ್ಡ ಗಾಡಿಯಲ್ಲಿ ಸ್ಟೇಷನ್ನಿನವರು ಕೊನೆಯತನಕ ಕಾದು ನೋಡುವುದು ಆ ಬಾಲವನ್ನು.

ನೀವು ಎಂಜಿನ್ ದಾಟಿದ ಕೂಡಲೇ ತಿರುಗಿಬಿಡಿ. ಅದಕ್ಕೆ ಮುಂಚೆ ಮಾಸ್ಟರಿಗೂ ಹಳಿಗೂ ನಡುವೆ ಹೋಗಿ ಮೊಬೈಲ್ ಎತ್ತಿ ಹಿಡಿಯಿರಿ. “ಸರೀರಿ, ಸರೀರಿ” ಎಂದು ಅವರು ಕೂಗಿದರೆ ಸರ್ಕಾರಿ ನೌಕರರ ದುರಹಂಕಾರದ ಬಗ್ಗೆ ಹಿಂದೆ ನಿಂತವರಿಗೆ ಎರಡು ಮಾತು ಹೇಳಿ. ವಿಡಿಯೋ ಮಾಡುವಾಗ ಪರದೆಯನ್ನೇ ನೋಡಿ, ಗಾಡಿಯನ್ನಲ್ಲ. ನಡುನಡುವೆ “ವಾವ್” ಎನ್ನುತ್ತಿರಿ, ಎಂಜಿನ್ನಿನ ಸದ್ದು ದಾಖಲಾಗಬಾರದು.

ಮಕ್ಕಳನ್ನು ಕರೆದುಕೊಂಡು ಹೋಗಿದ್ದರೆ ವಿಶೇಷ ಕಾಳಜಿ ವಹಿಸಿ, ಅವು ನೋಡಿಬಿಡುತ್ತವೆ. ಡಬ್ಬಿ ಎಣಿಸಲು ಶುರುಮಾಡಿದ ಮಗುವನ್ನು ಹನ್ನೊಂದಕ್ಕೋ ಹನ್ನೆರಡಕ್ಕೋ ತಡೆದು, “ಇಲ್ಲಿ ನೋಡು ಪುಟ್ಟಾ, ನಗು” ಎನ್ನಿ. ಲೆಕ್ಕ ತಪ್ಪಿ ಅತ್ತರೆ ಫೋನ್ ಕೊಡಿ. ಫೋನಿನಲ್ಲಿ ರೈಲಿನ ಆಟವೇ ಇರುತ್ತದೆ. “ಅಪ್ಪಾ, ಎಂಜಿನ್ ಮೇಲೆ ಏನು ಬರೆದಿದೆ?” ಎಂದು ಕೇಳಿದರೆ ಎರಡು ದಾರಿಗಳಿವೆ. ಒಂದು, ಗೊತ್ತಿಲ್ಲ ಸುಮ್ಮನಿರು ಎನ್ನುವುದು. ಎರಡನೆಯದು ಹೆಚ್ಚು ಪರಿಣಾಮಕಾರಿ: ಮೊದಲ ಅಕ್ಷರ ಡಬ್ಲ್ಯು ಎಂದರೆ ಬ್ರಾಡ್ ಗೇಜ್, ವೈ ಆದರೆ ಮೀಟರ್ ಗೇಜ್, ಎರಡನೆಯದು ಡಿ ಆದರೆ ಡೀಸೆಲ್, ಎ ಆದರೆ ವಿದ್ಯುತ್ತು, ಮೂರನೆಯದು ಪಿ ಇದ್ದರೆ ಪ್ಯಾಸೆಂಜರ್ ಎಳೆಯಲು, ಜಿ ಇದ್ದರೆ ಗೂಡ್ಸಿಗೆ, ಎಂ ಇದ್ದರೆ ಎರಡಕ್ಕೂ ಎಂದು ಶುರುಮಾಡಿ, ಡಬ್ಲ್ಯುಡಿಎಂ ಎಂಜಿನ್ನುಗಳ ಪೂರ್ವಜರು ಅಮೆರಿಕದ ಆಲ್ಕೋ ಕಂಪನಿಯವರು ಎನ್ನುವವರೆಗೂ ಬಿಡದೆ ಹೇಳಿ, ಮನೆಗೆ ಹೋದ ಮೇಲೆ ಪರೀಕ್ಷೆ ಇದೆ ಎನ್ನಿ. ಆ ಮಗು ಮುಂದೆಂದೂ ರೈಲಿನ ತಂಟೆಗೆ ಬರುವುದಿಲ್ಲ.

ಈಗ ಹಳಿಯ ಮೇಲಿನ ಫೋಟೋ. ಇದಿಲ್ಲದೆ ಯಾತ್ರೆ ಪೂರ್ತಿಯಾಗದು. ನಡು ಹಳಿಯಲ್ಲಿ ಗಾಡಿ ಬರುವ ದಿಕ್ಕಿಗೆ ಬೆನ್ನು ಮಾಡಿ ನಿಲ್ಲಿ. ಸದ್ದು ಕೇಳಿಸಿದ ಮೇಲೆ ಸರಿದರಾಯಿತು ಎಂದುಕೊಳ್ಳಿ. ಹಳಿಯ ತುಂಡುಗಳ ನಡುವೆ ಸಂದು ಇದ್ದ ಕಾಲದಲ್ಲಿ ದಡಬಡ ಸದ್ದು ದೂರದಿಂದಲೇ ಬರುತ್ತಿತ್ತು. ಈಗ ಉದ್ದಕ್ಕೂ ಬೆಸೆದ ಹಳಿ, ವಿದ್ಯುತ್ ಎಂಜಿನ್, ಅಂಥ ಕಿರಿಕಿರಿ ಇಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ಬರುತ್ತದೆ. ನೀವು 15 ಸೆಕೆಂಡಿನ ರೀಲ್ ಮುಗಿಸುವಷ್ಟರಲ್ಲಿ ನಾನೂರು ಮೀಟರ್ ಹತ್ತಿರವಾಗಿರುತ್ತದೆ, ಚಾಲಕ ಬ್ರೇಕು ಹಾಕಿದರೂ ನಿಲ್ಲಲು ಅದಕ್ಕಿಂತ ಎಷ್ಟೋ ದೂರ ಬೇಕು. ಇದು ನಿಮ್ಮ ಚಿಂತೆಯಲ್ಲ, ಚಾಲಕನದು; ಆ ರಾತ್ರಿ ನಿದ್ದೆ ಬಾರದಿರುವುದೂ ಅವನದೇ ಪಾಲು. ನಿಂತ ಗೂಡ್ಸಿನ ಮೇಲೆ ಹತ್ತಿದರೆ ಚಿತ್ರ ಇನ್ನೂ ಎತ್ತರದಿಂದ ಬರುತ್ತದೆ. ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ, ಅದನ್ನು ಮುಟ್ಟುವ ಶ್ರಮವೂ ನಿಮಗಿಲ್ಲ, ಹತ್ತಿರ ಹೋದರೆ ಅದೇ ಬಂದು ಮುಟ್ಟುತ್ತದೆ.

ಕಾನೂನಿನ ಭಯ ಬೇಡ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅತಿಕ್ರಮಣಕ್ಕೆ ಹೆಚ್ಚೆಂದರೆ ಆರು ತಿಂಗಳ ಸೆರೆ, ಸಾವಿರ ರೂಪಾಯಿ ದಂಡ. ಒಂದು ಒಳ್ಳೆಯ ಕ್ಯಾಮೆರಾ ಲೆನ್ಸಿಗೆ ಹೋಲಿಸಿದರೆ ಅಗ್ಗ. 2023ರ ಜುಲೈ ಮಳೆಯಲ್ಲಿ ದೂಧಸಾಗರ ನೋಡಲು ಹಳಿಯುದ್ದಕ್ಕೂ ನಡೆದು ಹೋದವರಿಂದ ಸಾಲಾಗಿ ಬಸ್ಕಿ ಹೊಡೆಸಿದ ವಿಡಿಯೋ ದೇಶವೆಲ್ಲ ನೋಡಿತು. ಜಲಪಾತದ ಫೋಟೋ ಹಾಕಿದ್ದರೆ ಅಷ್ಟು ಜನ ನೋಡುತ್ತಿದ್ದರೇ? ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ಘಾಟಿಯಲ್ಲಿ 57 ಸುರಂಗಗಳಿವೆ. ರೈಲಿನ ಕಿಟಕಿಯಲ್ಲಿ ಕೂತು ಅಷ್ಟನ್ನೂ ನೋಡಬಹುದು, ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಯೂ ಇದೆ. ಆದರೆ ಕೂತು ನೋಡಿದ್ದಕ್ಕೆ ಸಾಹಸ ಎನ್ನುವವರಾರು?

ಮರಳುವಾಗ ದಾರಿಯಲ್ಲಿ ಗೇಟು ಹಾಕಿರುತ್ತದೆ. ಲೆವೆಲ್ ಕ್ರಾಸಿಂಗಿನ ಗೇಟು ರೈಲು ನೋಡಲು ಎಲ್ಲಕ್ಕಿಂತ ಒಳ್ಳೆಯ, ಕ್ಷೇಮದ ಜಾಗ. ದುಡ್ಡು ಕೊಡಬೇಕಿಲ್ಲ, ಎಲ್ಲೂ ಹತ್ತಬೇಕಿಲ್ಲ, ಗಾಡಿಯೇ ಕೂಗಿಕೊಂಡು ಎದುರಿಗೆ ಬರುತ್ತದೆ. ಆದ್ದರಿಂದ ಇಲ್ಲಿ ಪೂರ್ಣ ಶಕ್ತಿ ಹಾಕಬೇಕು. ಗೇಟ್‌ಮನ್ನಿಗೆ ಕೇಳುವಂತೆ ಹಾರನ್ ಒತ್ತಿ. ಅವನು ಗೇಟು ಹಾಕಿರುವುದು ನಿಮ್ಮ ಮೇಲಿನ ಹಗೆಯಿಂದ ಎಂದು ತಿಳಿಯಿರಿ. ಎಡಗಡೆ ಸಾಲು ಇದ್ದರೆ ಬಲಗಡೆಯಿಂದ ನುಗ್ಗಿ ಗೇಟಿನ ಕಂಬಕ್ಕೆ ಬಂಪರ್ ತಾಗಿಸಿ ನಿಲ್ಲಿಸಿ. ಆಚೆ ಬದಿಯವರೂ ಇಷ್ಟೇ ವಿವೇಕಿಗಳು, ಅವರೂ ರಸ್ತೆಯ ಪೂರ್ತಿ ಅಗಲ ತುಂಬಿಕೊಂಡಿರುತ್ತಾರೆ. ಗಾಡಿ ಹೋಗಿ ಗೇಟು ತೆರೆದಾಗ ಎರಡು ಸೈನ್ಯಗಳು ಎದುರುಬದರಾಗಿ ಅರ್ಧ ಗಂಟೆ ನಿಲ್ಲುತ್ತವೆ. ಬೈಕಿನವರು ಗೇಟಿನಡಿ ತೂರಬಹುದು. ಕೀಲಿ ಮುರಿದು ಗೇಟೆತ್ತುವ ಉತ್ಸಾಹಿಗಳು ಮಾತ್ರ 160ನೇ ಕಲಮು ಐದು ವರ್ಷದವರೆಗೂ ಒಳಗಿಡುತ್ತದೆ ಎಂಬುದನ್ನು ಗಮನಿಸಿ, ಮನೆಯಲ್ಲಿ ಹೇಳಿ ಬರುವುದು ಒಳ್ಳೆಯದು.

ನೆನಪಿಗೆ ಏನಾದರೂ ತರಬೇಕಲ್ಲ. ಹಿತ್ತಾಳೆಯದು, ಕಬ್ಬಿಣದ್ದು, ಹಳಿಯ ಪಕ್ಕ ಬಿದ್ದ ಬೋಲ್ಟು, ಹಳೇ ಕೈದೀಪ. ಯಾರದೂ ಅಲ್ಲದಂತೆ ಕಾಣುತ್ತದೆ. ರೈಲ್ವೆ ಆಸ್ತಿ ಇಟ್ಟುಕೊಂಡವರಿಗೆಂದೇ 1966ರಲ್ಲಿ ಮಾಡಿದ ಪ್ರತ್ಯೇಕ ಕಾಯ್ದೆಯಿದೆ, ಮೊದಲ ಸಲಕ್ಕೇ ಐದು ವರ್ಷದವರೆಗೆ ಸೆರೆ ಆಗಬಹುದು. ಷೋಕೇಸಿನಲ್ಲಿಟ್ಟರೆ ಬಂದವರು ಕೇಳುತ್ತಾರೆ, ಹೇಳಲು ಒಂದು ಕಥೆ ಇರುತ್ತದೆ.

ನಿಮಗೆ ಊರಿನಲ್ಲಿ ಪ್ರಭಾವ ಇದ್ದರೆ ಇಷ್ಟಕ್ಕೇ ನಿಲ್ಲಬೇಡಿ. ಸ್ಟೇಷನ್ನನ್ನು ಅಭಿವೃದ್ಧಿ ಮಾಡಿಸಿ. ಕಲ್ಲಿನ ಗೋಡೆ ಉಸಿರಾಡದಂತೆ ಎಣ್ಣೆ ಬಣ್ಣ ಬಳಿಸಿ, ಮುಂದಿನ ಮಳೆಗಾಲಕ್ಕೆ ಅದು ಪದರ ಪದರವಾಗಿ ಏಳುತ್ತದೆ, ಆಗ ಮತ್ತೊಂದು ಟೆಂಡರ್. ಹೆಂಚು ತೆಗೆಸಿ ನೀಲಿ ಶೀಟು ಹೊದಿಸಿ. ಮುಂಭಾಗಕ್ಕೆ ಹೊಳೆಯುವ ಹಲಗೆ ಮೆತ್ತಿಸಿ, ಮೊಬೈಲ್ ಅಂಗಡಿ ಯಾವುದು, ಸ್ಟೇಷನ್ ಯಾವುದು ಎಂದು ಬಂದವರು ವಿಚಾರಿಸುವಂತಾಗಬೇಕು. ಎದುರಿಗೆ ಕೆಂಪು ಹೃದಯವಿರುವ ಆಳೆತ್ತರದ ಅಕ್ಷರಗಳನ್ನು ನಿಲ್ಲಿಸಿ. ಪಾರಂಪರಿಕ ಕಟ್ಟಡವೆಂಬ ಫಲಕವನ್ನು ಇದೆಲ್ಲದರ ಮೇಲೆ ಗ್ರಾನೈಟಿನಲ್ಲಿ ಕೆತ್ತಿಸಿ, ಉದ್ಘಾಟಿಸಿದವರ ಹೆಸರು ಸ್ಟೇಷನ್ನಿನ ಹೆಸರಿಗಿಂತ ದೊಡ್ಡದಿರಲಿ.

ಊಟದ ವಿಷಯ ಹೆಚ್ಚಿಗೆ ಹೇಳುವುದಿಲ್ಲ. ಮದ್ದೂರು ವಡೆ ಹೆಸರು ಮಾಡಿದ್ದು ಮದ್ದೂರಿನ ರೈಲ್ವೆ ಸ್ಟೇಷನ್ನಿನಲ್ಲಿ. ಹೆದ್ದಾರಿಯ ಹೋಟೆಲಿನಲ್ಲಿ ತಿಂದು, ಇದರ ಇತಿಹಾಸ ಗೊತ್ತಾ ಎಂದು ಕೇಳಿ.

ಕೊನೆಯದು, ಇಡೀ ಕೈಪಿಡಿಯಲ್ಲಿ ಮುಖ್ಯವಾದದ್ದು: ಟಿಕೆಟ್ ಕೊಳ್ಳಬೇಡಿ. ಹಾಲ್ಟ್ ಸ್ಟೇಷನ್ನುಗಳಲ್ಲಿ ಬಹಳ ಕಡೆ ಟಿಕೆಟ್ ಕೊಡುವವರು ರೈಲ್ವೆಯ ಸಂಬಳದವರಲ್ಲ, ಮಾರಿದ ಟಿಕೆಟ್ಟಿನ ಮೇಲೆ ಕಮಿಷನ್ ಪಡೆಯುವ ಊರಿನವರು. ಗಾಡಿ ಅಲ್ಲಿ ನಿಲ್ಲಬೇಕೋ ಬೇಡವೋ ಎಂಬ ಮಾತು ಬಂದಾಗ ಎಷ್ಟು ಟಿಕೆಟ್ ಹೋಗಿದೆ ಎಂದು ನೋಡುತ್ತಾರೆ, ಎಷ್ಟು ಫೋಟೋ ಹೋಗಿದೆ ಎಂದಲ್ಲ. ಒಂದು ಭಾನುವಾರ ಅಂಗಳದ ತುಂಬ ಕಾರುಗಳು ನಿಂತಿರಲಿ, ಕಿಟಕಿಯಲ್ಲಿ ಒಂದು ಟಿಕೆಟ್ಟೂ ಹರಿಯದಿರಲಿ. ನಿಲುಗಡೆ ರದ್ದಾದ ದಿನ ಎಲ್ಲರಿಗಿಂತ ಮೊದಲು ನೀವೇ ಬರೆಯಬೇಕು. ಸಂತಾಪದ ಆ ಬರಹವನ್ನು ಈಗಲೇ ಸಿದ್ಧ ಮಾಡಿಟ್ಟುಕೊಳ್ಳಿ. ಊರಿನ ಹೆಸರಿನ ಜಾಗ ಮಾತ್ರ ಖಾಲಿ ಬಿಡಿ.